ಹಸಿರಿನ ಹಿಂದಿನ ಕೈಗಳಿಗೂ ಲೆಕ್ಕವಿರಲಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೊಸ ಕಟ್ಟಡವೊಂದು ತಲೆಯೆತ್ತಿದರೆ, ಉದ್ಘಾಟನೆಗೆ ಮುನ್ನವೇ ಅದರ ಅಂಗಳದಲ್ಲಿ ಹುಲ್ಲುಹಾಸು, ಬೇಲಿಗಿಡ, ಅಲಂಕಾರದ ತಾಳೆಗಳು ಸಿದ್ಧವಾಗಿರುತ್ತವೆ. ಆದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಇಂತಹ ಎಷ್ಟೋ ಅಂಗಳಗಳು ಒಣಗಿ ನಿಲ್ಲುತ್ತವೆ. ದೋಷ ಗಿಡದ್ದಲ್ಲ, ಖರ್ಚನ್ನು ಕಾಣುವ ದೃಷ್ಟಿಯದು. ನೆಡುವ ವೆಚ್ಚವನ್ನು ಕಟ್ಟಡದ ಬಂಡವಾಳಕ್ಕೆ ಸೇರಿಸುವ ಮಾಲೀಕರು, ಕಾಪಾಡುವ ವೆಚ್ಚಕ್ಕೆ ವಾರ್ಷಿಕ ಆಯವ್ಯಯದಲ್ಲಿ ಸ್ಥಳವನ್ನೇ ಇಡುವುದಿಲ್ಲ.

ಉದ್ಯಾನ ನಿರ್ಮಾಣ ಮತ್ತು ನಿರ್ವಹಣೆ ಒಬ್ಬ ವ್ಯಕ್ತಿಯ ಕೈಚಳಕವಲ್ಲ. ನೆಲದ ಇಳಿಜಾರು ಹಾಗೂ ಮಳೆನೀರಿನ ಹರಿವನ್ನು ಕಂಡು ನಕ್ಷೆ ರೂಪಿಸುವ ವಿನ್ಯಾಸಕಾರ, ಮಣ್ಣಿಗೆ ತಕ್ಕ ಸಸ್ಯಗಳನ್ನು ಆರಿಸುವ ತೋಟಗಾರಿಕೆ ಪದವೀಧರ, ಹನಿ ನೀರಾವರಿಯ ಕೊಳವೆ ಮತ್ತು ಪಂಪುಗಳನ್ನು ನೋಡಿಕೊಳ್ಳುವ ತಂತ್ರಜ್ಞ, ನಿತ್ಯವೂ ಗಿಡದ ಮುಂದೆ ನಿಲ್ಲುವ ಮಾಲಿ, ಇವರೆಲ್ಲರೂ ಸೇರಿದಾಗ ಮಾತ್ರ ಅದು ಬಾಳುತ್ತದೆ. ಧಾರವಾಡದಲ್ಲಿ 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಈ ಭಾಗದಲ್ಲಿ ತಜ್ಞರನ್ನು ದೂರದಿಂದ ಕರೆತರಬೇಕಾದ ಪ್ರಮೇಯವೇನೂ ಇಲ್ಲ.

ತಜ್ಞರ ಸಲಹೆಯ ಬೆಲೆ ತಿಳಿಯುವುದು ನೀರಿನ ಲೆಕ್ಕದಲ್ಲಿ. 1,000 ಚದರ ಅಡಿ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಹಿಡಿದರೂ ಸುಮಾರು 465 ಲೀಟರ್ ಬೇಕು. ತಿಂಗಳಿಗೆ ಇದು 14,000 ಲೀಟರ್, ಅಂದರೆ 5,000 ಲೀಟರಿನ ಹೆಚ್ಚುಕಡಿಮೆ ಮೂರು ಟ್ಯಾಂಕರ್. ಮಲಪ್ರಭೆಯ ನೀರಿಗಾಗಿ ದಿನ ಎಣಿಸಿದ ಅವಳಿ ನಗರಕ್ಕೆ ಈ ಲೆಕ್ಕ ಹಗುರವಾದುದಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಉದ್ಯಾನಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ಇಲ್ಲಿ ನೆನೆಯಬೇಕು. ಮೇಲಾಗಿ ಈ ಭಾಗದ ಎರೆಮಣ್ಣು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಡಿಪಾಯದ ಪಕ್ಕದಲ್ಲೇ ಹುಲ್ಲು ಬೆಳೆಸಿ ನೀರು ಬಿಟ್ಟರೆ ಗೋಡೆಗೇ ಹಾನಿಯಾದೀತು. ಹುಲ್ಲನ್ನು ಕಡಿಮೆ ಮಾಡಿ ಹೊಂಗೆ, ಬೇವಿನಂತಹ ಮರಗಳನ್ನು ಕಟ್ಟಡದಿಂದ ತಕ್ಕ ದೂರದಲ್ಲಿ ನೆಡಿಸುವ ವಿನ್ಯಾಸಕಾರನ ಶುಲ್ಕ ಟ್ಯಾಂಕರಿನ ಬಿಲ್ಲಿನಲ್ಲೇ ಮರಳಿ ಬರುತ್ತದೆ.

ಇಷ್ಟಾದರೂ ನಿರ್ವಹಣೆಯ ಗುತ್ತಿಗೆ ಸಾಮಾನ್ಯವಾಗಿ ಸಲ್ಲುವುದು ಅತಿ ಕಡಿಮೆ ದರ ನಮೂದಿಸಿದವರಿಗೆ. ಗೊಬ್ಬರ, ಪೈಪು, ಡೀಸೆಲ್ ಬೆಲೆಗಳು ಗುತ್ತಿಗೆದಾರನ ಹಿಡಿತದಲ್ಲಿಲ್ಲ. ಆದುದರಿಂದ ಕಡಿತ ಬೀಳುವುದು ಮಾಲಿಯ ಕೂಲಿಗೆ, ಭವಿಷ್ಯನಿಧಿಗೆ, ಇ.ಎಸ್.ಐ. ವಂತಿಗೆಗೆ. ಮಾಲಿ ಕೆಲಸ ಬಿಡುತ್ತಾನೆ, ಗಿಡ ಒಣಗುತ್ತದೆ. ಗುತ್ತಿಗೆದಾರನು ವೇತನ ಪಾವತಿಸದಿದ್ದಲ್ಲಿ ಹೊಣೆ ಕೆಲಸ ಕೊಟ್ಟ ಸಂಸ್ಥೆಯತ್ತ ತಿರುಗುವ ತತ್ವವು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಅಗ್ಗದ ಗುತ್ತಿಗೆ ಅಂತಿಮವಾಗಿ ಅಗ್ಗವಲ್ಲ.

ಸಣ್ಣ ಕೈಗಾರಿಕೆಗೆ ಇಂತಹ ತಂಡವನ್ನು ಸಾಕುವ ಶಕ್ತಿ ಎಲ್ಲಿದೆ ಎಂಬ ಪ್ರಶ್ನೆ ಸಹಜ. ಗೋಕುಲ ರಸ್ತೆ ಅಥವಾ ತಾರಿಹಾಳದ ಹತ್ತು ಘಟಕಗಳು ಕೂಡಿ ಒಂದೇ ತಂಡವನ್ನು ಗೊತ್ತುಮಾಡಿಕೊಂಡರೆ ತಜ್ಞರ ಶುಲ್ಕವೂ ಹಂಚಿಹೋಗುತ್ತದೆ, ಮಾಲಿಗೆ ವರ್ಷವಿಡೀ ಕೆಲಸವೂ ದೊರೆಯುತ್ತದೆ. ಕನಿಷ್ಠ ಮೂರು ವರ್ಷದ ಅವಧಿ, ಕೂಲಿ ಪಾವತಿಯ ಚಲನ್ ತೋರಿಸಿದ ಬಳಿಕವೇ ಬಿಲ್ ಮಂಜೂರಾತಿ, ಸತ್ತ ಗಿಡಕ್ಕೆ ಬದಲಿ ಗಿಡ, ನೀರಿನ ಮಾಸಿಕ ಲೆಕ್ಕ: ಈ ನಾಲ್ಕು ಷರತ್ತುಗಳುಳ್ಳ ಮಾದರಿ ಕರಾರು ಪತ್ರವೊಂದನ್ನು ವಾಣಿಜ್ಯೋದ್ಯಮ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಬಹುದು.

ವಿದ್ಯಾನಗರಕ್ಕೆ ಸಮೀಪದ ಉಣಕಲ್ ಕೆರೆಯಲ್ಲಿ ಅಂತರಗಂಗೆಯನ್ನು ಹಲವು ಬಾರಿ ತೆಗೆದರೂ ಅದು ಮತ್ತೆ ಹಬ್ಬಿದ್ದನ್ನು ನಗರದ ಜನರೆಲ್ಲ ಕಂಡಿದ್ದಾರೆ. ಒಮ್ಮೆ ಮಾಡಿ ಮರೆಯುವ ಕೆಲಸವನ್ನು ಪ್ರಕೃತಿ ಒಪ್ಪುವುದಿಲ್ಲ. ವ್ಯಾಪಾರಸ್ಥರು ಮತ್ತು ಉದ್ಯಮಿಗಳು ಮುಂದಿನ ಆರ್ಥಿಕ ವರ್ಷದ ಆಯವ್ಯಯ ರೂಪಿಸುವಾಗ ಯಂತ್ರದ ದುರಸ್ತಿಗೆ ಮೊತ್ತ ತೆಗೆದಿಡುವಂತೆಯೇ, ಅಂಗಳದ ಹಸಿರಿಗೂ ಅದನ್ನು ಕಾಯುವ ಕೈಗಳಿಗೂ ನ್ಯಾಯವಾದ ಮೊತ್ತವೊಂದನ್ನು ತೆಗೆದಿಡುವುದು ಲೇಸು.