ಹಡಗು ನಮ್ಮದು, ಎಂಜಿನ್ ಯಾರದು?

2025ರ ಜನವರಿ 15ರಂದು ಮುಂಬೈಯಲ್ಲಿ ಐಎನ್‌ಎಸ್ ಸೂರತ್ ನೌಕಾಪಡೆಗೆ ಸೇರಿತು. ವಿಶಾಖಪಟ್ಟಣಂ ವರ್ಗದ ನಾಲ್ಕನೆಯ ಮತ್ತು ಕೊನೆಯ ಡೆಸ್ಟ್ರಾಯರ್ ಅದು. 163 ಮೀಟರ್ ಉದ್ದ, 7,400 ಟನ್ ತೂಕದ ಇಂಥ ನೌಕೆಗೆ ನೌಕಾಪಡೆಯೇ ವಿನ್ಯಾಸ ರಚಿಸಿ, ಮಜಗಾವ್ ಡಾಕ್‌ನ ಕೆಲಸಗಾರರು ದೇಶದ ಉಕ್ಕಿನಲ್ಲೇ ಕಟ್ಟಿದ್ದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ಇರುವುದು 'ಶೇ 75ರಷ್ಟು ದೇಶೀಯ' ಎಂಬ ಘೋಷಣೆಯ ಬಗ್ಗೆ.

ಹೊರಗಿನಿಂದ ಬಂದ ಉಳಿದ ಭಾಗದಲ್ಲಿ ಏನಿದೆ? ನೌಕೆಯನ್ನು 30 ನಾಟ್ ವೇಗದಲ್ಲಿ ಓಡಿಸುವ ನಾಲ್ಕು ಗ್ಯಾಸ್ ಟರ್ಬೈನ್‌ಗಳಿವೆ. ಅವು ಉಕ್ರೇನಿನ ಮೈಕೊಲೈವ್ ನಗರದ ಜೋರ್ಯಾ ಕಾರ್ಖಾನೆಯವು. ಹಿಂದಿನ ಕೋಲ್ಕತ್ತ ವರ್ಗದ ಮೂರು ನೌಕೆಗಳದ್ದೂ ಇದೇ ಕಥೆ. ಏಳು ಪ್ರಮುಖ ಯುದ್ಧನೌಕೆಗಳ ಚಲನೆ ಒಂದೇ ಊರಿನ ಒಂದೇ ಕಾರ್ಖಾನೆಯನ್ನು ನೆಚ್ಚಿದೆ. 2022ರಲ್ಲಿ ಆ ಊರಿನ ಮೇಲೆ ರಷ್ಯಾದ ಶೆಲ್‌ಗಳು ಬಿದ್ದವು. ಬದಲಿ ಸಿಗುವ ಸಾಮಗ್ರಿ ಯಾವುದು, ಬದಲಿಯೇ ಇಲ್ಲದ್ದು ಯಾವುದು ಎಂಬುದನ್ನು ಶೇಕಡಾವಾರು ಲೆಕ್ಕ ಹೇಳುವುದಿಲ್ಲ.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2014ರಲ್ಲಿ ಕ್ರಿಮಿಯಾ ರಷ್ಯಾದ ವಶವಾದ ಮೇಲೆ ಉಕ್ರೇನ್ ಆ ದೇಶಕ್ಕೆ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾದ ಯಾರ್ಡ್‌ನಲ್ಲಿ ಫ್ರಿಗೇಟ್‌ಗಳು ಎಂಜಿನ್ ಇಲ್ಲದೆ ನಿಂತವು. ಅವುಗಳಲ್ಲಿ ಎರಡನ್ನು ಕೊಂಡ ಭಾರತ, ಟರ್ಬೈನ್‌ಗಳನ್ನು ತಾನೇ ಉಕ್ರೇನಿನಿಂದ ತರಿಸಿ ಅಲ್ಲಿಗೆ ಕಳಿಸಬೇಕಾಯಿತು. ಆ ಎರಡರಲ್ಲಿ ಮೊದಲನೆಯದಾದ ಐಎನ್‌ಎಸ್ ತುಶಿಲ್ ಸೇವೆಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಹತ್ತು ವರ್ಷ!

ಬೆರಳೆಣಿಕೆಯ ಹಡಗುಗಳಿಗಾಗಿ ಎಂಜಿನ್ ಅಭಿವೃದ್ಧಿಪಡಿಸುವುದು ದುಬಾರಿ, ಕೊಳ್ಳುವುದೇ ಜಾಣತನ ಎನ್ನುವವರಿದ್ದಾರೆ. ಯುದ್ಧ ಬಂದಾಗ ಮಾರುವವನೇ ಇಲ್ಲದಿದ್ದರೆ ಆ ಉಳಿತಾಯಕ್ಕೆ ಏನು ಬೆಲೆ? ನಮ್ಮಲ್ಲಿ ಬುನಾದಿ ಇಲ್ಲವೆಂದೂ ಅಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ತೇಜಸ್ ಯುದ್ಧವಿಮಾನಕ್ಕೆಂದು ರೂಪಿಸಿದ ಕಾವೇರಿ ಎಂಜಿನ್‌ನ ನೌಕಾ ರೂಪವನ್ನು ವಿಶಾಖಪಟ್ಟಣದ ಪರೀಕ್ಷಾ ಘಟಕದಲ್ಲಿ ಓಡಿಸಿ 12 ಮೆಗಾವಾಟ್ ಶಕ್ತಿ ತೋರಿಸಿ ಒಂದೂವರೆ ದಶಕವೇ ಕಳೆಯಿತು. ಡೆಸ್ಟ್ರಾಯರ್‌ಗೆ ಅಷ್ಟು ಸಾಲದು, ನಿಜ. ಆದರೆ ಚಿಕ್ಕದೊಂದು ಹಡಗಿಗೂ ಅದನ್ನು ಅಳವಡಿಸಲಿಲ್ಲ. ಸಮುದ್ರಕ್ಕೇ ಇಳಿಯದ ಎಂಜಿನ್ ಸುಧಾರಿಸುವುದು ಹೇಗೆ? ಅದೇ ಬೆಂಗಳೂರಿನಲ್ಲಿ ಎಚ್‌ಎಎಲ್, ವಿಮಾನವಾಹಕ ನೌಕೆ ವಿಕ್ರಾಂತ್‌ಗಾಗಿ ಅಮೆರಿಕದ ಎಲ್‌ಎಂ 2500 ಟರ್ಬೈನ್‌ಗಳನ್ನು ಜೋಡಿಸಿಕೊಟ್ಟಿದೆ. ಜೋಡಿಸುವ ಕೈಗಳಿಗೆ ವಿನ್ಯಾಸದ ಹಕ್ಕಿಲ್ಲ.

ಮುಂದಿನ ಪೀಳಿಗೆಯ ಡೆಸ್ಟ್ರಾಯರ್‌ಗೆ ಹಣ ಮಂಜೂರು ಮಾಡುವ ದಿನವೇ ನೌಕಾ ಟರ್ಬೈನ್‌ಗೂ ಹಣ, ಗಡುವು ಮತ್ತು ಅದನ್ನು ಕಡಲಲ್ಲಿ ಪರೀಕ್ಷಿಸಲು ಒಂದು ಹಡಗನ್ನು ಗೊತ್ತುಮಾಡಬೇಕು. ಇಷ್ಟನ್ನು ಸಂಸತ್ತಿನಲ್ಲಿ ಕೇಳುವ ಹೊಣೆ ಕರ್ನಾಟಕದ ಸಂಸದರಿಗೂ ಇದೆ.