ನೋವಿನಲ್ಲಿಯೂ ಎರಡು ನ್ಯಾಯವೇ?

ಬಡವನ ನೋವಿಗೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಅನ್ಯಾಯ ನಡೆದಿದೆ. ದುಡಿಯುವವನ ಸೊಂಟನೋವಿಗೆ ಬೇಡದ ಗುಳಿಗೆ ಚೀಟಿಯಿಲ್ಲದೆ ಸಿಗುತ್ತದೆ. ಕ್ಯಾನ್ಸರಿನಿಂದ ನರಳುವವನಿಗೆ ಬೇಕೇಬೇಕಾದ ಔಷಧ ಹಳ್ಳಿಯವನ ಕೈಗೆ ಎಟಕುವುದೇ ಕಷ್ಟ. ಮೊದಲನೆಯದು ಟ್ರಮಡಾಲ್, ಎರಡನೆಯದು ಮಾರ್ಫಿನ್. ಒಂದು ಕಾರಖಾನೆಯಲ್ಲಿ ಹುಟ್ಟಿದ್ದು, ಇನ್ನೊಂದು ಗಸಗಸೆ ಗಿಡದ ಹಾಲಿನಿಂದ ಬಂದದ್ದು. ಎರಡೂ ಅಫೀಮಿನ ಬಳಗದವೇ.

ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ದಿನವಿಡೀ ಬಗ್ಗಿ ಹತ್ತಿ ಬಿಡಿಸುವ ಹೆಣ್ಣಾಳು, ಮೂಟೆ ಹೊರುವ ಹಮಾಲ, ಗಿರಣಿಯ ಕಾಮಗಾರ, ಇವರು ಗುಳಿಗೆ ನುಂಗಿ ಮರುದಿನ ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ಬೇನೆ ವಾಸಿಯಾಯಿತೇ? ಇಲ್ಲ. ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ದಾರಿ ಕಟ್ಟಿದೆ, ಅಷ್ಟೆ. ಬಿಡುವು ಕೊಡುವುದಕ್ಕಿಂತ, ಕೂಲಿ ಹೆಚ್ಚಿಸುವುದಕ್ಕಿಂತ ಗುಳಿಗೆ ಅಗ್ಗ!

ಇದು ಹೊಸ ಕಥೆಯಲ್ಲ. ಬ್ರಿಟಿಷರ ಕಾಲದ ಮುಂಬಯಿಯಲ್ಲಿ ಗಿರಣಿಯ ತಾಯಂದಿರು ಕೂಸಿಗೆ ಅಫೀಮಿನ 'ಬಾಳಗೋಳಿ' ತಿನ್ನಿಸಿ ಪಾಳಿಗೆ ಹೋಗುತ್ತಿದ್ದರು. ಅವರದು ಕಲ್ಲೆದೆಯೇ? ಅಲ್ಲ. ಕೂಸನ್ನು ನೋಡಿಕೊಳ್ಳುವವರಿರಲಿಲ್ಲ. ಸರಕಾರವೋ ಲಾಯಸೆನ್ಸಿನ ಅಂಗಡಿಯಲ್ಲಿ ಅದೇ ಅಫೀಮನ್ನು ಮಾರಿಸಿ ಬೊಕ್ಕಸ ತುಂಬಿಕೊಳ್ಳುತ್ತಿತ್ತು. ದುಡಿತ ನಿಲ್ಲಬಾರದೆಂದು ಅಂದು ಕೂಸನ್ನು ಮಲಗಿಸಿದರು. ಇಂದು ನೋವನ್ನು ಮಲಗಿಸುತ್ತಿದ್ದಾರೆ.

ಓದುಗರು ಇದನ್ನು ನೆನಪಿಡಬೇಕು. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರಬಹುದು. ಮೂರ್ಛೆರೋಗ ಇದ್ದವರಿಗಂತೂ ಅಪಾಯ ಹೆಚ್ಚು. ಮನೋರೋಗಕ್ಕೆ ಕೊಡುವ ಸರ್ಟ್ರಲೀನ್, ಫ್ಲುಯೊಕ್ಸೆಟೀನ್‌ದಂಥ ಔಷಧಗಳ ಜೊತೆ ಸೇರಿದರೆ ಜ್ವರ, ನಡುಕ, ದಿಗ್ಭ್ರಮೆ ಉಂಟಾಗಬಹುದು. ಈ ಬಳಗದ ಯಾವುದೇ ಔಷಧವನ್ನು ಸೆರೆಯ ಜೊತೆಗಾಗಲಿ, ಅಲ್ಪ್ರಾಜೋಲಾಂ, ಡಯಾಜೆಪಾಮ್‌ಗಳಂಥ ನಿದ್ರೆಗುಳಿಗೆಗಳ ಜೊತೆಗಾಗಲಿ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತ ಹೋಗಿ ಮಲಗಿದವನು ಏಳದೆ ಹೋಗಬಹುದು. ಬಹುದಿನ ನುಂಗಿ ಒಮ್ಮೆಲೆ ಬಿಟ್ಟರೆ ಬೆವರು, ಹೊಟ್ಟೆಮುರಿತ, ನಿದ್ದೆಗೇಡು ಕಾಡುತ್ತವೆ. ಆದ್ದರಿಂದ ಬಿಡುವಾಗಲೂ ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಇನ್ನು ಎರಡನೆಯ ಅನ್ಯಾಯ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯ ಮೇಲೆ ಅಫೀಮು ಬೆಳೆಯುತ್ತಾರೆ. ಗಾಜೀಪುರ, ನೀಮಚ್‌ಗಳಲ್ಲಿ ಸರಕಾರಿ ಅಫೀಮು ಕಾರಖಾನೆಗಳಿವೆ. ನಮ್ಮ ಅಫೀಮು ಪರದೇಶಕ್ಕೆ ಹೋಗಿ ಅಲ್ಲಿಯ ರೋಗಿಗಳ ನೋವು ನೀಗುತ್ತದೆ. ಇಲ್ಲಿಯೋ, 1985ರ ಮಾದಕವಸ್ತು ಕಾಯದೆ ಬಂದ ಮೇಲೆ ಪರವಾನಿಗೆಗಳ ಕಾಟ, ಜೈಲಿನ ಭಯ ಕೂಡಿ ದೇಶದ ಮಾರ್ಫಿನ್ ಬಳಕೆ ಶೇಕಡಾ 97ರಷ್ಟು ಕುಸಿದು, 1997ರಲ್ಲಿ 18 ಕಿಲೋಗ್ರಾಂಗೆ ಇಳಿಯಿತು. ಇಡೀ ದೇಶಕ್ಕೆ 18 ಕಿಲೋ! 2014ರಲ್ಲಿ ಕಾಯದೆ ತಿದ್ದಿ ಹಲವು ಪರವಾನಿಗೆಗಳ ಬದಲು ಒಂದೇ ಸಾಕೆಂದರು. ಕಾಗದದ ಮೇಲೆ ದಾರಿ ತೆರೆಯಿತು. ಹಳ್ಳಿಗೆ ಇನ್ನೂ ಮುಟ್ಟಬೇಕಾಗಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ನಿಜ. ಆದರೆ ಕಲಘಟಗಿಯ ಕಾಡಂಚಿನ ರೋಗಿ ಕೊನೆಯ ದಿನಗಳಲ್ಲಿ ಬಸ್ಸು ಹತ್ತಬಲ್ಲನೇ?

"ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ" ಎಂದು ಕೆಲವು ಸಜ್ಜನರು ಹೇಳುತ್ತಾರೆ. ಕ್ಯಾನ್ಸರಿನ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಗುಳಿಗೆಯಿಂದ ಚಟ ಹತ್ತುವುದು ವಿರಳ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇದ್ದು ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹೋಗದು. ಅದಕ್ಕೆ ಸೋನಾಮುಖಿಯಂಥ ಭೇದಿಯ ಔಷಧ ಜೊತೆಗೇ ಬೇಕು. ಮೂತ್ರಪಿಂಡ ಕೆಟ್ಟವರಿಗೆ ಪ್ರಮಾಣ ತಗ್ಗಿಸಬೇಕು. ಇವೆಲ್ಲ ತಿಳಿದ ಸಂಗತಿಗಳು. ನೋವು ಕರ್ಮಫಲವೆಂದು ಉಪದೇಶಿಸುವವರು ತಮ್ಮ ಹಲ್ಲುನೋವಿಗೆ ಮೊದಲು ದವಾಖಾನೆಗೆ ಓಡುತ್ತಾರೆ!

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಟ್ರಮಡಾಲ್ ಎಚ್-1 ಪಟ್ಟಿಯ ಔಷಧ. ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು ಬರೆದು, ಆ ದಾಖಲೆಯನ್ನು ಮೂರು ವರ್ಷ ಇಡಬೇಕು. 2018ರಿಂದ ಅದು ಮಾದಕವಸ್ತು ಕಾಯದೆಯ ಕೆಳಗೂ ಬಂದಿದೆ. ನಾಲ್ಕು ಕಾಸಿನ ಲಾಭಕ್ಕೆ ನೆರೆಯವನ ಮನೆ ಮುರಿಯಬೇಡಿರಿ. ಆದರೆ ಸಣ್ಣ ಅಂಗಡಿಕಾರನನ್ನಷ್ಟೇ ಹಿಡಿದು ಮೇಲಿನವರನ್ನು ಬಿಡುವ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಟ್ಯಾಪೆಂಟಡಾಲ್, ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳು ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಕ್ಕೆ ಸಾಗಿ ಅಲ್ಲಿಯ ತರುಣರನ್ನು ಹಾಳುಗೆಡವಿದ್ದನ್ನು ಬಿಬಿಸಿ ಬಯಲಿಗೆಳೆದ ಮೇಲೆಯೇ 2025ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಅದರ ತಯಾರಿಕೆ, ರಫ್ತುಗಳನ್ನು ತಡೆಯಿತು. ಹಣದ ಗಂಟು ಯಾರ ಮನೆಯಲ್ಲಿತ್ತು?

ನಮ್ಮ ಬೇಡಿಕೆಗಳು ಸ್ಪಷ್ಟ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ನಾಲ್ಕೂ ಕಡೆ ಸರಕಾರಿ ದವಾಖಾನೆಯಲ್ಲಿ ಮಾರ್ಫಿನ್ ಗುಳಿಗೆ, ಅದನ್ನು ಕೊಡಬಲ್ಲ ತರಬೇತಾದ ವೈದ್ಯರು ಇರಬೇಕು. ಕಳ್ಳದಾರಿಯ ಗುಳಿಗೆಯನ್ನು ಕಾರಖಾನೆಯ ಬಾಗಿಲಲ್ಲೇ ತಡೆಯಬೇಕು. ದುಡಿದು ಬೆನ್ನು ಮುರಿದವನಿಗೆ ಗುಳಿಗೆಯ ಬದಲು ಸಂಬಳಸಹಿತ ವಿಶ್ರಾಂತಿ, ಚಿಕಿತ್ಸೆ ಸಿಗಬೇಕು.

1980ರಲ್ಲಿ ಬೆಟರ್‌ಮೆಂಟ್ ಕರದ ವಿರುದ್ಧ ಎದ್ದು ಗುಂಡಿಗೆ ಎದೆಗೊಟ್ಟ ನೆಲ ನವಲಗುಂದ. ಆ ನೆಲದ ಜನ ನೋವು ನುಂಗಿ ಸುಮ್ಮನಿರುವವರಲ್ಲ. ನೋವಿಲ್ಲದೆ ಸಾಯುವ ಹಕ್ಕೂ, ಗುಳಿಗೆಯಿಲ್ಲದೆ ದುಡಿದು ಬದುಕುವ ಹಕ್ಕೂ ನಮ್ಮವು. ಅವನ್ನು ಕೇಳಿಯೇ ಪಡೆಯೋಣ.