ಆಮೆಗೆ ಅಭಯವೆಂದರೆ ಬಿಡುಗಡೆ

ಇಪ್ಪತ್ತನೆಯ ತೀರ್ಥಂಕರರಾದ ಶ್ರೀ ಮುನಿಸುವ್ರತನಾಥರ ಲಾಂಛನ ಆಮೆ. ಗಾಯಗೊಂಡ ಆಮೆಯನ್ನು ಮನೆಗೆ ತಂದು ಸಾಕಿಕೊಳ್ಳುವುದು ಪುಣ್ಯವೆಂದು ಭಾವಿಸುವ ಶ್ರಾವಕರುಂಟು. ಎತ್ತಿ ತರುವುದು ದಯೆಯೇ ಸರಿ, ಇಟ್ಟುಕೊಳ್ಳುವುದು ದಯೆಯಲ್ಲ.

ಕೊಂಕಲ್ ಸೀಮೆಯಂಥ ಕಡೆ ಕೆರೆ-ಕಾಲುವೆಗಳಲ್ಲಿ ಬಾಳುವ ಮೆದುಚಿಪ್ಪಿನ ಆಮೆಯು ಸಸ್ಯದೊಡನೆ ಮೀನು, ಕಪ್ಪೆ, ಬಸವನಹುಳುಗಳನ್ನೂ ತಿನ್ನುವ ಜೀವಿ. ಬರಿಯ ಅನ್ನ-ಸೊಪ್ಪು ಇಕ್ಕಿದರೆ ಅದು ಸೊರಗುತ್ತದೆ. ಮೀನು ಇಕ್ಕುವುದು ನಮ್ಮ ವ್ರತಕ್ಕೆ ಸಲ್ಲದು. ತತ್ತ್ವಾರ್ಥಸೂತ್ರವು ಹೇಳುವ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಮನೆಯ ತೊಟ್ಟಿಯಲ್ಲಿ ಎರಡೂ ಘಟಿಸುತ್ತವೆ.

ಬಸದಿಯ ಬಾವಿಗೆ ಬಿಟ್ಟರೆ ಸಾಲದೇ ಎಂಬಿರಾ? ಬೇಸಿಗೆಯಲ್ಲಿ ಕೆಸರಿನೊಳಗೆ ಹುದುಗುವ, ದಡವೇರಿ ಮೊಟ್ಟೆಯಿಡುವ ಜೀವಿಗೆ ಕಲ್ಲುಕಟ್ಟಿದ ಬಾವಿ ಸೆರೆಮನೆಯೇ.

ಆಮೆಯ ಚಿಪ್ಪು ಪಕ್ಕೆಲುಬುಗಳೊಡನೆ ಬೆಸೆದ ಜೀವಂತ ಮೂಳೆ. ಅದು ಒಡೆದಾಗ ಸುಣ್ಣ, ಅಂಟು ಹಚ್ಚದೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಶುಚಿಯಾದ ಬಟ್ಟೆಯ ಮೇಲಿರಿಸಿ ಪಶುವೈದ್ಯರಿಗೆ ತೋರಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ 48 ಗಂಟೆಗಳೊಳಗೆ ಅರಣ್ಯಾಧಿಕಾರಿಗಾಗಲಿ ಪೊಲೀಸ್ ಠಾಣೆಗಾಗಲಿ ತಿಳಿಸುವುದು ಕಡ್ಡಾಯ. ಬಸದಿಗಳ ಟ್ರಸ್ಟುಗಳು ಈ ಮಾತನ್ನು ದಾನಿಗಳ ಹೆಸರಿನ ಫಲಕದ ಪಕ್ಕದಲ್ಲಿಯೇ ಬರೆಸಲಿ. ಗುಣವಾದ ಆಮೆ ಅದರ ನೀರಿಗೆ ಮರಳಿದಾಗಲೇ ನಮ್ಮ ಅಭಯದಾನ ಪೂರ್ಣ.